ಹಬ್ಬದ ಅಲಂಕಾರಕ್ಕೆ ಕುಂಬಳಕಾಯಿ ತರಿಸುವವರು ಇದನ್ನು ಓದಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರೇ, ದೀಪಾವಳಿ ಹತ್ತಿರ ಬಂತೆಂದು ಅಲಂಕಾರದ ವಸ್ತು ಮಾರುವವರ ಅದೇ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಓಡಾಡುತ್ತಿವೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆದ ಸಿಹಿಗುಂಬಳ, ಭತ್ತದ ತೋರಣ, ಅಡಿಕೆ ಸಿಂಗಾರ, ಕೆಳಗೆ ‘ಎಲ್ಲವೂ ನೈಸರ್ಗಿಕ’ ಎಂಬ ಸಾಲು. ಹಣ ಕಳಿಸಬೇಡಿ. ನವರಾತ್ರಿಗೆಂದು 2,400 ರೂಪಾಯಿ ಕಳಿಸಿ ನಾನು ಮೋಸಹೋಗಿದ್ದೇನೆ.

ಅರ್ಧ ಮುಂಗಡ, ವಸ್ತು ಕೈಸೇರಿದ ಮೇಲೆ ಇನ್ನರ್ಧ ಎನ್ನುವುದು ಹಲವು ಕಡೆ ಇರುವ ಪದ್ಧತಿ. ಈ ಮಾರುವವರು ಹಬ್ಬದ ಗಡಿಬಿಡಿ ಎಂದು ಪೂರ್ತಿ ಹಣ ಮೊದಲೇ ಕೇಳಿದರು. ಆಗೆಲ್ಲ ಮಾತು ಮಾತಿಗೂ ‘ಅಕ್ಕಾ’.

ಪೆಟ್ಟಿಗೆ ಬಂದದ್ದು ಬೊಂಬೆ ಕೂರಿಸಿದ ಸಂಜೆ. ಅತ್ತೆ, ಓರಗಿತ್ತಿ, ಆರತಿಗೆ ಬಂದ ಅಕ್ಕಪಕ್ಕದವರು ಎಲ್ಲರೂ ಇದ್ದರು. ದೊಡ್ಡ ಕುಂಬಳವನ್ನು ಬೊಂಬೆಗಳ ಮುಂದೆ ಇಟ್ಟು, ಸ್ವಲ್ಪ ತಿರುಗಿಸೋಣವೆಂದು ತೊಟ್ಟು ಹಿಡಿದೆ. ತೊಟ್ಟು ಕೈಗೇ ಬಂತು. ಅದು ತೊಟ್ಟೇ ಅಲ್ಲ! ಯಾವುದೋ ಒಣಕಡ್ಡಿಯ ತುಂಡು, ಬುಡದಲ್ಲಿ ಗಟ್ಟಿಯಾದ ಅಂಟು. ಅದಿದ್ದ ಜಾಗಕ್ಕೆ ಗೋಡೆಗೆ ಬಳಿಯುವ ಪುಟ್ಟಿ ತುಂಬಿದ್ದರು. ಬೆರಳಿನಿಂದ ಒತ್ತಿದೆ, ಪುಟ್ಟಿ ಒಳಗೆ ಕುಸಿದು ಕಪ್ಪು ನೀರು ಜಿನುಗಿತು. ಇಡೀ ಪಡಸಾಲೆಗೆ ನಾತ. ಕೊಳೆತ ಕಾಯಿಗೆ ಪುಟ್ಟಿ ಮೆತ್ತಿ, ಎಣ್ಣೆಬಣ್ಣ ಬಳಿದು, ಹಬ್ಬಕ್ಕೆಂದು ಮಾರಿದ್ದಾರೆ! ಅತ್ತೆ ಒಂದು ಮಾತೂ ಆಡದೆ ಹಳೆಯ ಬಟ್ಟೆ ತಂದು ನೆಲ ಒರೆಸಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅನುಮಾನ ಬಂದು ತೋರಣದ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ನೋಡಿದೆ. ನಿಜವಾದ ಭತ್ತವಾದರೆ ಸುಂಕು ಚುಚ್ಚುತ್ತದೆ, ಹೊಟ್ಟು ಬಿಟ್ಟು ಅಕ್ಕಿ ಕಾಣುತ್ತದೆ. ಇದು ಬರೀ ಪ್ಲಾಸ್ಟಿಕ್. ಭತ್ತ ಬೆಳೆಯುವ ಊರಿಗೆ ಪ್ಲಾಸ್ಟಿಕ್ ಭತ್ತ ಕಳಿಸುವಷ್ಟು ಧೈರ್ಯ.

ಫೋಟೊ ತೆಗೆದು ಕಳಿಸಿದರೆ ಬಂದ ಉತ್ತರ: ‘ಮೇಡಂ, ನೈಸರ್ಗಿಕ ಎಂದ ಮೇಲೆ ಕೊಳೆಯದೆ ಇರುತ್ತದೆಯೇ?’ ಹಣ ಸೇರುವವರೆಗೆ ಅಕ್ಕ, ಈಗ ಮೇಡಂ. ಪುಟ್ಟಿ ಏಕೆ ಎಂದರೆ ‘ಅದು ಫಿನಿಶಿಂಗ್’. ಪ್ಲಾಸ್ಟಿಕ್ ಏಕೆ ಎಂದರೆ ‘ಇಲಿ ತಿನ್ನಬಾರದಲ್ಲ’. ಹಣ ವಾಪಸ್ ಕೊಡಿ ಎಂದಾಗ, ‘ಹಾಳಾದ ಭಾಗವನ್ನು ಗೋಡೆ ಕಡೆಗೆ ತಿರುಗಿಸಿ ಇಡಿ, ಯಾರಿಗೂ ಕಾಣುವುದಿಲ್ಲ.’ ಈ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ದೇವರ ಮುಂದೆ ಇಡುವ ವಸ್ತುವಿಗೆ ಹೇಳುವ ಮಾತೇ ಇದು? ಯಾರಿಗೂ ಕಾಣುವುದಿಲ್ಲವಂತೆ! ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದರು.

ಕೊಳೆಯುವುದು ಸಹಜ ಎಂಬುದೂ ಸುಳ್ಳು. ಚೆನ್ನಾಗಿ ಬಲಿತು, ತೊಟ್ಟಿನ ಸಮೇತ ಕೊಯ್ದು, ಗಾಳಿಯಾಡುವ ಕಡೆ ಇಟ್ಟ ಸಿಹಿಗುಂಬಳ ಕತ್ತರಿಸದಿದ್ದರೆ 2-3 ತಿಂಗಳು ಕೆಡುವುದಿಲ್ಲ. ಅಟ್ಟದಲ್ಲಿ ಹಗ್ಗ ಕಟ್ಟಿ ತೂಗುಹಾಕಿದ ಬೂದುಗುಂಬಳವನ್ನು ನಮ್ಮಲ್ಲಿ ನೋಡದವರು ಯಾರು? ತೊಟ್ಟು ಮುರಿದರೆ ಆ ಗಾಯದಿಂದ ಕೊಳೆ ಒಳಗಿಳಿಯುತ್ತದೆ. ಅದು ಅವರಿಗೂ ಗೊತ್ತು. ಅದಕ್ಕೇ ಸುಳ್ಳು ತೊಟ್ಟು ಅಂಟಿಸಿದ್ದು.

ಸಂತೆಯಲ್ಲಿ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಉಗುರು ಊರಿದರೆ ಸಿಪ್ಪೆ ತಗ್ಗಬಾರದು, ತೊಟ್ಟು ಒಣಗಿ ಗಟ್ಟಿಯಾಗಿರಬೇಕು, ತಳ ಮೆತ್ತಗಿರಬಾರದು. ಕೆತ್ತಬೇಡಿ, ನಮ್ಮ ಥಂಡಿ ಹವೆಗೆ ಕೆತ್ತಿದ ಕಾಯಿ ಬೇಗ ಬೂಸ್ಟು ಹಿಡಿಯುತ್ತದೆ. ಕೆಮ್ಮಣ್ಣು, ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ ಇದ್ದರೆ ಮನೆಯಲ್ಲೇ ಆಗುತ್ತದೆ. ಒಣಹುಲ್ಲಿನ ಸಿಂಬೆಯ ಮೇಲೆ ಕೂರಿಸಿ. ಬಣ್ಣ ಬಳಿದ ಕಾಯಿಯನ್ನು ಫೋಟೊ ನೋಡಿ ಮಾತ್ರ ಕೊಳ್ಳಲೇಬೇಡಿ, ಕೊಳ್ಳಲೇಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ. ನನ್ನಂತೆ ಹಣ ಕಳೆದುಕೊಂಡವರು ಇದ್ದರೆ ಪಾವತಿಯ ರಸೀದಿ, ಅವರ ಸಂದೇಶ ಯಾವುದನ್ನೂ ಅಳಿಸಬೇಡಿ. ನೀವೂ ದೂರು ಕೊಡಿ.