ಕ್ಯಾಮೆರಾ ಕೆಲಸ ಚೆನ್ನ, ಲೆಕ್ಕ ಮಾತ್ರ ಎರವಲು

ನಮ್ಮ ಬಡಾವಣೆಯ ಅಡ್ಡರಸ್ತೆ ಮುಖ್ಯರಸ್ತೆಯನ್ನು ಕೂಡುವಲ್ಲಿ ಸಿಗ್ನಲ್ ಬೇಕೇ ಬೇಡವೇ ಎಂಬ ಜಗಳ ಕ್ಷೇಮಾಭಿವೃದ್ಧಿ ಸಂಘದಲ್ಲಿ ಮುಗಿಯುವಂತೆ ಕಾಣಲಿಲ್ಲ. ಕೊನೆಗೆ ವಾಹನ ಸಮೀಕ್ಷೆ ಮಾಡುವ ಖಾಸಗಿ ಸಂಸ್ಥೆಯೊಂದನ್ನು ಕರೆಸಿದೆವು. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನೆಂದು ವರದಿ ಓದುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಎಣಿಕೆಯ ಬಗ್ಗೆ ನನ್ನ ತಕರಾರಿಲ್ಲ. ಕಂಬಕ್ಕೆ ಕ್ಯಾಮೆರಾ ಕಟ್ಟಿ, ದ್ವಿಚಕ್ರ, ಆಟೊ, ಕಾರು, ಬಸ್ಸುಗಳನ್ನು ಬೇರೆ ಬೇರೆ ಮಾಡಿ, ಯಾವುದು ಯಾವ ಕಡೆ ತಿರುಗಿತು ಎಂಬುದನ್ನು ಹದಿನೈದು ನಿಮಿಷಕ್ಕೊಂದು ಸಾಲಿನಂತೆ ಕೊಟ್ಟಿದ್ದಾರೆ. ವಿಡಿಯೊ ಇಟ್ಟುಕೊಂಡು ಕೆಲವು ಸಾಲುಗಳನ್ನು ತಾಳೆ ನೋಡಿದೆ, ಸರಿಯಾಗಿಯೇ ಇವೆ.

ಎಡವಟ್ಟಾಗಿರುವುದು ಮುಂದಿನ ಪುಟಗಳಲ್ಲಿ. ಸಂಜೆಯ ದಟ್ಟಣೆಯಲ್ಲಿ ಮುಖ್ಯರಸ್ತೆಯ ಎರಡೂ ದಿಕ್ಕು ಸೇರಿ ಗಂಟೆಗೆ 900 ವಾಹನ, ಅಡ್ಡರಸ್ತೆಯಿಂದ ಬಲಕ್ಕೆ ತಿರುಗುವವು 300. ಆ ತಿರುವಿನ ಸಾಮರ್ಥ್ಯ, ಅಂದರೆ ಗಂಟೆಗೆ ಹೆಚ್ಚೆಂದರೆ ಎಷ್ಟು ವಾಹನ ತಿರುಗಬಲ್ಲವು ಎಂಬುದು, ವರದಿಯ ಪ್ರಕಾರ 262. ಹಾಗಾಗಿ ಕಾಯುವಿಕೆ 50 ಸೆಕೆಂಡು ಮೀರುತ್ತದೆ, ಸೇವಾಮಟ್ಟ ‘ಎಫ್’ (ಎಲ್ಲಕ್ಕಿಂತ ಕೆಳಗಿನ ದರ್ಜೆ), ಕೂಡಲೇ ಸಿಗ್ನಲ್ ಹಾಕಿಸಿ ಎಂದು ಶಿಫಾರಸು. ಅವರದೇ ವಿಡಿಯೊದಲ್ಲಿ ನೋಡಿದರೆ ನಾಲ್ಕೈದು ವಾಹನ ನಿಲ್ಲುತ್ತವೆ, ಕರಗುತ್ತವೆ; ಸಾಲು ಬೆಳೆಯುವುದೇ ಇಲ್ಲ.

ಮುಖ್ಯರಸ್ತೆಯ ಎರಡು ವಾಹನಗಳ ನಡುವೆ ಎಷ್ಟು ಬಿಡುವು ಸಿಕ್ಕರೆ ಚಾಲಕ ನುಗ್ಗುತ್ತಾನೆ ಎಂಬುದೇ ಈ ಲೆಕ್ಕದ ಜೀವಾಳ. ಅವರು ಹಾಕಿರುವುದು 7.1 ಸೆಕೆಂಡು, ಅದೇ ಬಿಡುವಿನಲ್ಲಿ ಹಿಂದಿನವನು ಹಿಂಬಾಲಿಸಲು 3.5. ಎರಡೂ ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಅಂಕಿಗಳು. ಅಲ್ಲಿನ ಎಡ ತಿರುವು ನಮ್ಮ ಬಲ ತಿರುವು ಎಂಬುದನ್ನು ಮರೆಯದೆ ಅದಲುಬದಲು ಮಾಡಿದ್ದಾರೆ, ಅಷ್ಟು ಪುಣ್ಯ. ಆದರೆ ನಮ್ಮ ಸ್ಕೂಟರಿನವರು 7 ಸೆಕೆಂಡು ಕಾಯುತ್ತಾರೆಯೇ? ವಿಡಿಯೊದಲ್ಲಿ 4ರ ಆಸುಪಾಸಿನಲ್ಲೇ ಮೂತಿ ತೂರಿಸುತ್ತಾರೆ. ಬೇರೇನೂ ಬದಲಿಸದೆ 7.1ರ ಜಾಗದಲ್ಲಿ 4 ಹಾಕಿದೆ: ಸಾಮರ್ಥ್ಯ 568ಕ್ಕೆ ಏರಿತು! ಎಲ್ಲರೂ ಸ್ಕೂಟರಿನವರಲ್ಲ, ನಿಜ. ಕಾರು, ಬಸ್ಸು ಸೇರಿದರೆ ಉತ್ತರ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಅಳೆದು ಹೇಳಲೆಂದೇ ಅವರಿಗೆ ದುಡ್ಡು ಕೊಟ್ಟದ್ದು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಮುಖ್ಯರಸ್ತೆಯಲ್ಲಿ ನೇರ ಹೋಗುವವರ ವಿಳಂಬಕ್ಕೆ ಕೋಷ್ಟಕದಲ್ಲಿ ಸೊನ್ನೆ ಬರೆದಿದ್ದಾರೆ. ಅಡ್ಡರಸ್ತೆಯವರು ದಾರಿ ಬಿಟ್ಟು ನಿಲ್ಲುತ್ತಾರೆ ಎಂದು ನಂಬಿದ ಸೂತ್ರವದು. ಇಲ್ಲಿ ಒಂದು ಸ್ಕೂಟರ್ ಅಡ್ಡ ಬಂದರೆ ಬಸ್ಸು ಬ್ರೇಕ್ ಒತ್ತುತ್ತದೆ, ಅದರ ಹಿಂದೆ ಎರಡು ಆಟೊ ನುಸುಳುತ್ತವೆ. ಅಡ್ಡರಸ್ತೆಯವರು ಉಳಿಸಿಕೊಂಡ ಸಮಯವನ್ನು ಬಸ್ಸಿನಲ್ಲಿ ಕುಳಿತವರು ತೆರುತ್ತಾರೆ. ಅದು ಯಾವ ಪುಟದಲ್ಲೂ ಇಲ್ಲ.

ಸಿಎಸ್‌ಐಆರ್‌ನ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ 2017ರ ಭಾರತೀಯ ಕೈಪಿಡಿ ಇರುವಾಗ ಅದನ್ನೇಕೆ ಮುಟ್ಟಲಿಲ್ಲ ಎಂದು ಕೇಳಿದೆ. ಪರಿಷ್ಕರಣೆಗೆ ಪ್ರತ್ಯೇಕ ಶುಲ್ಕವಾಗುತ್ತದೆ ಎಂಬ ಉತ್ತರ ಬಂತು.

ಐದರಲ್ಲಿ ಮೂರು ಅಂಕ, ಅಷ್ಟೂ ಎಣಿಕೆಗೆ. ಇಂಥವರನ್ನು ಕರೆಸುವುದಾದರೆ ಮೂಲ ವಿಡಿಯೊ ನಿಮಗೆ ಸೇರಬೇಕು, ಬಿಡುವನ್ನು ಸ್ಥಳದಲ್ಲೇ ಅಳೆಯಬೇಕು ಎಂಬ ಎರಡು ಷರತ್ತುಗಳನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.