ನದಿ–ಕಡಲು ಪ್ರದರ್ಶನದ ಸೆಟ್: ಮಲೆನಾಡಿನ ಶಾಲೆಗೆ ಯಾವುದು ಬೇಕು, ಯಾವುದು ಬೇಡ

ಶಾಲೆ, ಕಾಲೇಜು, ಸಣ್ಣಪುಟ್ಟ ವಿಜ್ಞಾನ ಕೇಂದ್ರಗಳಿಗೆಂದು ಈಗ ಸೆಟ್ ಲೆಕ್ಕದಲ್ಲೇ ಮಾರುವ ನೀರಿನ ಪ್ರದರ್ಶಿಕೆಗಳಲ್ಲಿ ಆರು ಐಟಂ ಇರುತ್ತವೆ: ಹೊಳೆಯ ಮೇಜು, ಉಪ್ಪುನೀರು–ಸಿಹಿನೀರಿನ ತೊಟ್ಟಿ, ಅಲೆಯ ತೊಟ್ಟಿ, ಒತ್ತಡದ ಕೊಳವೆ, ಆಳಗಡಲಿನ ಬಣ್ಣದ ಪೆಟ್ಟಿಗೆ, ಜೊತೆಗೊಂದು ಟಚ್ ಸ್ಕ್ರೀನ್. ಶಿವಮೊಗ್ಗದ ಹೊರವಲಯದ ಶಾಲೆಯೊಂದರಲ್ಲಿ ಕೂರಿಸಿರುವ ಇಂಥ ಸೆಟ್ಟೊಂದನ್ನು ಮುಂದಿಟ್ಟುಕೊಂಡು ಬರೆದದ್ದು ಇದು. ತಯಾರಕರ ಹೆಸರು ಹಾಕಿಲ್ಲ. ಹೆಚ್ಚುಕಮ್ಮಿ ಇದೇ ಡ್ರಾಯಿಂಗಿನ ಮಾಲನ್ನು ಹಲವರು ಮಾರುತ್ತಾರೆ, ತೊಂದರೆಗಳೂ ಅವೇ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಹೊಳೆಯ ಮೇಜು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಉಪ್ಪುನೀರಿನ ತೊಟ್ಟಿಯನ್ನು ಸರಿಯಾಗಿ ಬಳಸಿದರೆ ಚಿನ್ನ, ಟಚ್ ಸ್ಕ್ರೀನ್ ಬೇಡವೇ ಬೇಡ. ಸ್ಕ್ರೀನಿನ ದುಡ್ಡನ್ನು ನೆಲಕ್ಕೆ ಡ್ರೈನು ಮಾಡಿಸಲು ಹಾಕಿ.

ಹೊಳೆಯ ಮೇಜಿನಿಂದ ಶುರು ಮಾಡೋಣ. ಎಂಟು ಅಡಿ ಉದ್ದ, ನಾಲ್ಕಡಿ ಅಗಲದ ಎಫ್‌ಆರ್‌ಪಿ (ಫೈಬರ್) ಟ್ರೇ, ಒಳಗೆ ಮರಳು, ಒಂದು ತುದಿಯಲ್ಲಿ ನೀರು ಬರುವ ಪೈಪು, ಇನ್ನೊಂದು ತುದಿಯಲ್ಲಿ ‘ಕಡಲು’. ನೀರು ಬಿಟ್ಟ ಒಂದೆರಡು ನಿಮಿಷಕ್ಕೆ ಬೆರಳಗಲದ ಕಾಲುವೆ ತಾನಾಗಿ ಮೂಡುತ್ತದೆ. ತಿರುವಿನ ಹೊರ ಅಂಚು ಬುಡದಲ್ಲಿ ಕೊರೆದು, ಮೇಲಿನ ಮರಳು ಗಳಕ್ಕನೆ ಕುಸಿಯುತ್ತದೆ. ಒಳ ಅಂಚಿನಲ್ಲಿ ಅದೇ ಮರಳು ದಿಬ್ಬವಾಗಿ ಕೂರುತ್ತದೆ. ಕಡಲಿನ ಬಾಯಲ್ಲಿ ಬೀಸಣಿಗೆಯಂತೆ ಮುಖಜಭೂಮಿ ಹರಡುತ್ತದೆ. ಯಾರೂ ವಿವರಿಸುವ ಅಗತ್ಯವಿಲ್ಲ. ಮಗು ಒಂದು ಕಲ್ಲಿಟ್ಟರೆ ಸಾಕು, ಹೊಳೆ ದಾರಿ ಬದಲಿಸುತ್ತದೆ.

ಆದರೆ ಸೆಟ್ಟಿನಲ್ಲಿ ಬರುವ ಮೇಜು ಒಂದೇ ಕಡೆಗೆ ಇಳಿಜಾರು. ನಮ್ಮ ಜಿಲ್ಲೆಯ ಮಟ್ಟಿಗೆ ಇದು ಅವಕಾಶ ಕೈಬಿಟ್ಟಂತೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲಿ ಹರಿಯುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಮುಟ್ಟುವಷ್ಟರಲ್ಲೇ 650 ಕಿ.ಮೀ. ದಾಟಿ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲೂಕಿನ ಮಳೆ, ಎರಡು ಕಡಲು. ಹಾಗಾಗಿ ಆರ್ಡರ್ ಕೊಡುವಾಗಲೇ ನಡುವೆ ಘಟ್ಟದಂತೆ ಏರಿದ ಬೆನ್ನಿರುವ ಎರಡಿಳಿಜಾರಿನ ಟ್ರೇ ಕೇಳಿ. ಪಡುವಣ ಬದಿ ಗಿಡ್ಡ, ಕಡಿದು. ಮೂಡಣ ಬದಿ ಉದ್ದ, ಶೇ. 2ರ ಇಳಿಜಾರು ಸಾಕು, ಅಂದರೆ ಮೀಟರಿಗೆ ಎರಡು ಸೆಂ.ಮೀ. ಮೇಲೆ ಪೈಪಿನ ಬದಲು ತೂತು ಕೊರೆದ ಪಿವಿಸಿ ಕೊಳವೆಯನ್ನು ಅಡ್ಡ ಕಟ್ಟಿದರೆ ಮಳೆಯೇ ಬೀಳುತ್ತದೆ. ತೂತು 1.5 ಮಿ.ಮೀ.ಗಿಂತ ಸಣ್ಣದಾದರೆ ವಾರದೊಳಗೆ ಕಟ್ಟಿಕೊಳ್ಳುತ್ತದೆ. ಕೊಳವೆಯ ಎರಡೂ ತುದಿಗೆ ಬಿಚ್ಚುವ ಎಂಡ್ ಕ್ಯಾಪ್ ಇರಲಿ, ಒಳಗೆ ಬ್ರಷ್ ಆಡಿಸಬಹುದು.

ಪಡುವಣ ಬದಿಗೆ ಜೋಗ ಬೇಕೆಂದು ಎಲ್ಲರೂ ಆಸೆಪಡುತ್ತಾರೆ. ಮರಳಿನಲ್ಲೇ ಕಡಿದಾದ ಮೆಟ್ಟಿಲು ಮಾಡಿದರೆ ಅರ್ಧ ಗಂಟೆಯಲ್ಲಿ ಅದು ಹಿಂದೆ ಸರಿಯುತ್ತಾ ಮಾಯವಾಗುತ್ತದೆ. ಸಡಿಲ ಮಣ್ಣಿನ ಜಲಪಾತ ಹಾಗೆಯೇ ವರ್ತಿಸಬೇಕು, ಅದು ದೋಷವಲ್ಲ. ಗಟ್ಟಿ ಬಂಡೆಯ ಜಲಪಾತ ತೋರಿಸಬೇಕಾದರೆ ಆ ಜಾಗಕ್ಕೆ ಎಫ್‌ಆರ್‌ಪಿಯಲ್ಲೇ ಅಚ್ಚೊತ್ತಿದ ಮೆಟ್ಟಿಲು ಕೂರಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಇನ್ನೂ ಚೆನ್ನ.

ಮರಳಿನ ವಿಷಯದಲ್ಲಿ ಸೆಟ್ಟಿನವರು ಸೋಮಾರಿಗಳು. ಎಂ-ಸ್ಯಾಂಡ್ ಮೂಟೆಯನ್ನು ಹಾಗೇ ಸುರಿದು ಹೋಗಿದ್ದಾರೆ. ಅದರಲ್ಲಿನ ಕಲ್ಲುಪುಡಿಯಿಂದ ನೀರು ಸದಾ ಬೂದು ಬಣ್ಣ. ಜಾಲಿಸಿ, ನೀರು ತಿಳಿಯಾಗುವವರೆಗೆ ತೊಳೆದು, 0.5ರಿಂದ 2 ಮಿ.ಮೀ. ಕಣ ಮಾತ್ರ ಉಳಿಸಿಕೊಳ್ಳಬೇಕು. ಎಲ್ಲ ಕಣವೂ ಒಂದೇ ಗಾತ್ರದ್ದಾದರೆ ಹೊಳೆ ಕೊರೆಯುತ್ತದೆ, ಆದರೆ ಬೇರ್ಪಡಿಸುವುದಕ್ಕೆ ಏನೂ ಇರುವುದಿಲ್ಲ. ಸ್ವಲ್ಪ ದಪ್ಪ ಜಲ್ಲಿ ಬೆರೆಸಿದರೆ ಹೊಳೆ ಭಾರದ್ದನ್ನು ಮೊದಲು ಬಿಟ್ಟು ಹಗುರದ್ದನ್ನು ಮುಂದೆ ಒಯ್ಯುವುದು ಕಣ್ಣಿಗೆ ಕಾಣುತ್ತದೆ. ಹೊರಗಡೆಯ ದೊಡ್ಡ ವಿಜ್ಞಾನ ಕೇಂದ್ರಗಳಲ್ಲಿ ಮರಳಿನ ಬದಲು ಬಣ್ಣಬಣ್ಣದ ಪ್ಲಾಸ್ಟಿಕ್ ಕಾಳು ಹಾಕುತ್ತಾರೆ, ಹಗುರ ಇರುವುದರಿಂದ ಕಡಿಮೆ ನೀರಿಗೂ ಹರಿಯುತ್ತದೆ. ಆದರೆ ಅದು ದುಬಾರಿ, ಡ್ರೈನಿಗೆ ಸೋರಿದರೆ ನೇರ ಹಳ್ಳಕ್ಕೆ. ನೀರಿನ ಬಗ್ಗೆ ಪಾಠ ಹೇಳುವ ಮೇಜಿನಿಂದಲೇ ತುಂಗೆಗೆ ಪ್ಲಾಸ್ಟಿಕ್ ಹೋಗುವುದು ಬೇಡ.

ತೂಕ ಮರೆಯಬೇಡಿ. ಹತ್ತು ಸೆಂ.ಮೀ. ದಪ್ಪ ಮರಳು ತುಂಬಿದರೆ ಸುಮಾರು 0.3 ಘನ ಮೀಟರ್, ಒದ್ದೆಯಾದಾಗ ಅರ್ಧ ಟನ್ ದಾಟುತ್ತದೆ. ಇನ್ನೂರು ಲೀಟರ್ ನೀರು, ಫ್ರೇಮು, ಸುತ್ತ ಒರಗಿದ ಮಕ್ಕಳು ಬೇರೆ. ಹಳೆಯ ಕಟ್ಟಡದ ಮರದ ತೊಲೆಯ ಮಾಳಿಗೆಯ ಮೇಲೆ ಇದನ್ನು ಇಡುವ ಯೋಚನೆಯೇ ಬೇಡ.

ಪಂಪು ಎಲ್ಲೆಡೆ ಸಾಯುವುದು ಒಂದೇ ಕಾರಣಕ್ಕೆ: ಮರಳು ಒಳಗೆ ತಿರುಗುವ ರೆಕ್ಕೆಚಕ್ರವನ್ನು (ಇಂಪೆಲ್ಲರ್) ತಿನ್ನುತ್ತದೆ. ಗಂಟೆಗೆ 1000–1500 ಲೀಟರಿನ ಸಬ್‌ಮರ್ಸಿಬಲ್ ಪಂಪು ಈ ಮೇಜಿಗೆ ಸಾಕು, ಆದರೆ ಅದನ್ನು ಕಡಲಿನ ತೊಟ್ಟಿಯಲ್ಲೇ ಇಳಿಬಿಟ್ಟಿದ್ದಾರೆ. ಕಡಲಿನಿಂದ ತುಂಬಿ ಹರಿದ ನೀರು ಮೊದಲು ಒಂದು ಹೂಳಿನ ಪೆಟ್ಟಿಗೆಗೆ, ಅಲ್ಲಿ ತಡೆಗೋಡೆ ಹತ್ತಿ ಪಂಪಿನ ತೊಟ್ಟಿಗೆ ಬರಬೇಕು. ಪಂಪಿಗೆ ಸ್ಪಂಜಿನ ತೊಡುಗೆ, ಅದನ್ನು ವಾರಕ್ಕೊಮ್ಮೆ ಹಿಂಡಬೇಕು. ಇನ್ನೊಂದು ಕಿತಾಪತಿ ಕರೆಂಟಿನದು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಪಂಪು ನಿಂತ ಕೂಡಲೇ ಮೇಲಿನ ನೀರೆಲ್ಲ ಕೆಳಗಿಳಿಯುತ್ತದೆ, ಪೈಪಿನ ತುದಿ ಮೇಲಿನ ತೊಟ್ಟಿಯಲ್ಲಿ ಮುಳುಗಿದ್ದರೆ ಅಲ್ಲಿನ ನೀರನ್ನೂ ಎಳೆದುಕೊಂಡು ಬರುತ್ತದೆ. ಕೆಳಗಿನ ತೊಟ್ಟಿಯಲ್ಲಿ ಅಷ್ಟೂ ಹಿಡಿಯುವಷ್ಟು ಖಾಲಿ ಜಾಗ ಇಲ್ಲದಿದ್ದರೆ ಕೋಣೆಯೆಲ್ಲ ನೀರು. ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಒಂದು ಸಣ್ಣ ತೂತು ಹಾಕಿದರೆ ಗಾಳಿ ಹೊಕ್ಕು ಎಳೆತ ಕಡಿಯುತ್ತದೆ. ಮಕ್ಕಳು ಕೈ ಹಾಕುವ ನೀರಿಗೆ 230 ವೋಲ್ಟಿನ ಪಂಪು ಒಪ್ಪಿಕೊಳ್ಳಲೇಬೇಡಿ. 24 ವೋಲ್ಟ್ ಪಂಪು, ಅಡಾಪ್ಟರ್ ಗೋಡೆಯ ಮೇಲೆ ಎತ್ತರದಲ್ಲಿ, ಆ ಲೈನಿಗೆ ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ.

ಉಪ್ಪುನೀರಿನ ತೊಟ್ಟಿ ಒಂದು ಮೀಟರ್ ಉದ್ದ, ಹದಿನೈದು ಸೆಂ.ಮೀ. ಅಗಲ, ನಡುವೆ ಎತ್ತುವ ಬಾಗಿಲು. ಒಂದು ಬದಿ ಸಿಹಿನೀರು, ಇನ್ನೊಂದು ಬದಿ ಲೀಟರಿಗೆ 35 ಗ್ರಾಂ ಉಪ್ಪು, ಅದಕ್ಕೆ ನೀಲಿ ಬಣ್ಣ. ಬದಿಯೊಂದಕ್ಕೆ ಮೂವತ್ತು ಲೀಟರಾದರೆ ಉಪ್ಪು ಒಂದು ಕಿಲೋ ಐವತ್ತು ಗ್ರಾಂ. ಬಾಗಿಲು ಎತ್ತಿದರೆ ನೀಲಿ ನೀರು ತಳ ಹಿಡಿದು ನಾಲಿಗೆ ಚಾಚಿದ ಹಾಗೆ ನುಗ್ಗಿ, ಮೂರ್ನಾಲ್ಕು ಸೆಕೆಂಡಿನಲ್ಲಿ ಆಚೆ ಗೋಡೆ ಮುಟ್ಟುತ್ತದೆ. ಹೊನ್ನಾವರದ ಅಳಿವೆಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಅಡಿಯಲ್ಲಿ ನಿಲ್ಲುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನವಿಲ್ಲ. ಇಲ್ಲಿಂದ ಮಾತು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗೆ ಹೋಗಬೇಕು. ವಿದ್ಯುತ್ತಿಗಾಗಿ ಟರ್ಬೈನು ದಾಟಿದ ಸಿಹಿನೀರು ಬೇಸಿಗೆಯಲ್ಲೂ ಕೆಳಗಿಳಿಯುತ್ತಿರುವುದರಿಂದ ಅಳಿವೆಯ ಉಪ್ಪಿನಂಶ ಇಳಿಯುತ್ತದೆ, ಉಪ್ಪು ಬೇಡುವ ಬಳಚಿನಂಥ ಚಿಪ್ಪುಜೀವಿಗಳಿಗೆ ಅದು ಒಗ್ಗುವುದಿಲ್ಲ. ಸೆಟ್ಟಿನ ಜೊತೆ ಬಂದ ಫಲಕದಲ್ಲಿ ಈ ಯಾವ ಮಾತೂ ಇಲ್ಲ, ಯಾವುದೋ ದೇಶದ ನದೀಮುಖದ ಫೋಟೊ ಇದೆ.

ತೊಂದರೆ ಏನೆಂದರೆ, ಒಮ್ಮೆ ಬೆರೆತ ಮೇಲೆ ಅರವತ್ತು ಲೀಟರ್ ಚೆಲ್ಲಿ ಮತ್ತೆ ತುಂಬಬೇಕು. ಇದು ಮಕ್ಕಳು ತಾವಾಗಿ ಆಡುವ ಐಟಂ ಅಲ್ಲ, ಮೇಷ್ಟ್ರು ದಿನಕ್ಕೊಮ್ಮೆ ತೋರಿಸುವ ಐಟಂ. ಹಾಗೆಂದೇ ತಿಳಿದು ಕೊಂಡರೆ ನಿರಾಸೆಯಿಲ್ಲ. ಅಂಗಡಿಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಬೆರೆಸಿದ ಪದಾರ್ಥದಿಂದ ನೀರು ಮಬ್ಬಾಗುತ್ತದೆ. ಕಲ್ಲುಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ಎರಡೂ ಬದಿಯ ನೀರು ಒಂದೇ ಬಿಸಿಯಲ್ಲಿರಲಿ, ಒಂದೇ ಮಟ್ಟದಲ್ಲಿರಲಿ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ ಸೋರುತ್ತಿದ್ದರೆ ಎತ್ತುವ ಮೊದಲೇ ಆಟ ಮುಗಿದಿರುತ್ತದೆ. ಅಕ್ರಿಲಿಕ್ಕನ್ನು ಗಾಜು ಒರೆಸುವ ಸ್ಪ್ರೇಯಿಂದ ಒರೆಸಿದರೆ ಕೂದಲೆಳೆ ಬಿರುಕು ಬರುತ್ತದೆ. ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಇಲ್ಲಿಯ ಸ್ಟೀಲು 316 ಗ್ರೇಡಿನದಾಗಬೇಕು, 304 ಉಪ್ಪಿಗೆ ಚುಕ್ಕೆಚುಕ್ಕೆಯಾಗಿ ತಿಂದುಹೋಗುತ್ತದೆ.

ಅಲೆಯ ತೊಟ್ಟಿ ಪರವಾಗಿಲ್ಲ. ಹತ್ತು ಸೆಂ.ಮೀ. ನೀರಿನಲ್ಲಿ ಉದ್ದನೆಯ ಅಲೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ಓಡುತ್ತದೆ, ಆಳ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಇದೇ ಲೆಕ್ಕ 4000 ಮೀಟರ್ ಆಳದ ಸಾಗರಕ್ಕೆ ಹಾಕಿದರೆ ಸುನಾಮಿಯ ವೇಗ ಗಂಟೆಗೆ ಸುಮಾರು 700 ಕಿ.ಮೀ. ಬರುತ್ತದೆ. ಕೊನೆಯ ಗೋಡೆ ನೇರ ನಿಂತಿರುವುದರಿಂದ ಅಲೆ ವಾಪಸ್ ಹೊಡೆದು ಎರಡನೇ ಸಲಕ್ಕೇ ಎಲ್ಲ ಕಲಸುಮೇಲೋಗರ. ಅಲ್ಲೊಂದು ಓರೆಯಾದ ದಡ ಹಾಕಿ ತೆಂಗಿನ ನಾರಿನ ಚಾಪೆ ಹೊದಿಸಿದರೆ ಅಲೆ ಅಲ್ಲೇ ಇಂಗುತ್ತದೆ.

ಒತ್ತಡದ ಕೊಳವೆ ಮಾತ್ರ ಯೋಚಿಸದೆ ಮಾಡಿದ ಐಟಂ. ಎರಡು ಮೀಟರ್ ನೀರಿನಲ್ಲಿ ಬಲೂನು ಮುಳುಗಿಸಿ ‘ನೋಡಿ, ಕುಗ್ಗಿತು’ ಎನ್ನುತ್ತದೆ ಫಲಕ. ಹತ್ತು ಮೀಟರಿಗೆ ಒಂದು ವಾಯುಭಾರ (ನಮ್ಮ ಮೇಲಿನ ಗಾಳಿಯ ಒತ್ತಡದಷ್ಟು) ಏರುವುದರಿಂದ ಎರಡು ಮೀಟರಿಗೆ ಏರುವುದು ಐದನೇ ಒಂದು ಭಾಗ. ಬಲೂನಿನ ಅಡ್ಡಳತೆ ಇಳಿಯುವುದು ನೂರಕ್ಕೆ ಆರರಷ್ಟು. ಯಾರ ಕಣ್ಣಿಗೂ ಕಾಣುವುದಿಲ್ಲ, ಮಕ್ಕಳು ಹೂಂ ಎನ್ನುತ್ತಾರೆ ಅಷ್ಟೇ. ಬಲೂನು ತೆಗೆದು, ಇಪ್ಪತ್ತು ಸೆಂ.ಮೀ. ಗಾಳಿಯಿರುವ ಪ್ರನಾಳವನ್ನು ಬೋರಲಾಗಿ, ಭಾರ ಕಟ್ಟಿ ಇಳಿಬಿಡಿ. ತಳ ಮುಟ್ಟುವಾಗ ಒಳಗಿನ ನೀರು ಮೂರು ಸೆಂ.ಮೀ. ಮೇಲೇರಿರುತ್ತದೆ, ಸ್ಕೇಲು ಅಂಟಿಸಿದ್ದರೆ ಓದಬಹುದು. ಪಕ್ಕದಲ್ಲಿ ಒಂದೇ ಸಾಲು ಬರೆಸಿ: 253 ಮೀಟರಿನ ಜೋಗದಷ್ಟು ಎತ್ತರಕ್ಕೆ ನೀರು ತುಂಬಿ ನಿಲ್ಲಿಸಿದರೆ ಬುಡದಲ್ಲಿ ಹೆಚ್ಚುವ ಒತ್ತಡ ಸುಮಾರು ಇಪ್ಪತ್ತೈದು ವಾಯುಭಾರ.

ಬಣ್ಣದ ಪೆಟ್ಟಿಗೆಯಲ್ಲಿ ನೀರೇ ಇಲ್ಲ, ಕೆಡುವುದಕ್ಕೂ ಏನಿಲ್ಲ. ಕಡಲಿನಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಹೋಗಿ ನೀಲಿ ಮಾತ್ರ ಆಳಕ್ಕಿಳಿಯುತ್ತದೆ, ಆಳದ ಎಷ್ಟೋ ಸಿಗಡಿಗಳು ಕೆಂಪಗಿದ್ದೂ ಅಲ್ಲಿ ಕಪ್ಪಾಗಿ ಮರೆಯಾಗುವುದು ಅದಕ್ಕೇ. ಒಳಗೆ ನೀಲಿ ಎಲ್‌ಇಡಿ, ಒಂದು ಕೆಂಪು ಮೀನು. ಮೀನಿಗಿಂತ ಕೈ ತೂರಿಸುವ ತೂತು ಮುಖ್ಯ: ಹುಡುಗಿ ತನ್ನ ಕೆಂಪು ರಿಬ್ಬನ್ನು ಒಳಗಿಟ್ಟು ಕಪ್ಪಾದದ್ದು ನೋಡಿದರೆ ಮರೆಯುವುದಿಲ್ಲ. ತೂತಿಗೆ ಎರಡು ಪದರ ಕಪ್ಪು ಬಟ್ಟೆ ಬೇಕು, ಸಂದಿಯಲ್ಲಿ ಬಿಳಿ ಬೆಳಕು ನುಸುಳಿದರೆ ಕೆಂಪು ಕೆಂಪಾಗಿಯೇ ಕಾಣುತ್ತದೆ.

ಟಚ್ ಸ್ಕ್ರೀನಿನಲ್ಲಿ ಇರುವುದು ಮೊಬೈಲಿನಲ್ಲೂ ಸಿಗುವ ವಿಡಿಯೊ. ಒದ್ದೆ ಬೆರಳಿಗೆ ಅದು ಸ್ಪಂದಿಸುವುದಿಲ್ಲ, ಈ ಕೋಣೆಯಲ್ಲಿ ಒಣ ಬೆರಳು ಯಾರದ್ದೂ ಇರುವುದಿಲ್ಲ.

ಹೆಚ್ಚುವರಿ ದುಡ್ಡಿಗೆ ಜೀವಂತ ಕಡಲ ಪ್ರಾಣಿಗಳ ಮುಟ್ಟುವ ತೊಟ್ಟಿಯನ್ನೂ ಕೊಡುತ್ತಾರೆ. ಘಟ್ಟದ ಮೇಲೆ ಬೇಡ. ಹೊಸ ತೊಟ್ಟಿಯಲ್ಲಿ ಅಮೋನಿಯ ಅರಗಿಸುವ ಬ್ಯಾಕ್ಟೀರಿಯ ನೆಲೆಗೊಳ್ಳಲು ವಾರಗಟ್ಟಲೆ ಬೇಕು, ಆಮೇಲೆ ಒಂದು ರಾತ್ರಿ ಕರೆಂಟ್ ಹೋಗಿ ಗಾಳಿ ನಿಂತರೆ ಬೆಳಗ್ಗೆ ಎಲ್ಲ ಸತ್ತಿರುತ್ತವೆ. ‘ಫ್ರೀ’ ಎಂದು ಕೊಡುವ ಒಣ ಸಂಗ್ರಹವನ್ನೂ ಬಿಚ್ಚಿ ನೋಡಿ. ಹವಳ, ಕಡಲಕುದುರೆ, ಕಡಲಸೌತೆ, ಕೆಲವು ಶಂಖ–ಚಿಪ್ಪುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಶಾಲೆಯ ಕಪಾಟಿನಲ್ಲಿದ್ದರೂ ಕೇಸು ಕೇಸೇ. ರೆಸಿನ್ನಿನ ಅಚ್ಚು ಸಾಕು.

ನೀರಿನ ಶುಚಿ ಕೊಟೇಶನ್ನಿನಲ್ಲೇ ಇರಲಿಲ್ಲ. ಇನ್ನೂರು ಲೀಟರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 8 ಮಿ.ಲೀ. ಹಾಕಿದರೆ ಕ್ಲೋರಿನ್ 2 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎರಡು) ಆಗುತ್ತದೆ. ಆದರೆ ಕೊಳೆ ಅದನ್ನು ತಿಂದುಹಾಕುವುದರಿಂದ ದಿನಾ ಬೆಳಗ್ಗೆ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಬೇಕು, 1ಕ್ಕಿಂತ ಇಳಿದರೆ ಮತ್ತೆ ಹಾಕಬೇಕು. ಈ ನೀರನ್ನು ನೇರ ಹಳ್ಳಕ್ಕೆ ಬಿಡಬೇಡಿ, ಬಕೆಟ್ಟಿನಲ್ಲಿ ಒಂದೆರಡು ದಿನ ಬಿಸಿಲಿಗಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಶನಿವಾರ ಮಧ್ಯಾಹ್ನ ಪೂರ್ತಿ ಖಾಲಿ ಮಾಡುವುದು ಕಡ್ಡಾಯ: ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರ, ಹತ್ತು ದಿನ. ದಸರಾ ರಜೆಗೆ ಮೊದಲು ಹೂಳಿನ ಪೆಟ್ಟಿಗೆಯ ತಳದ ನೀರನ್ನೂ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಇದಕ್ಕೆಲ್ಲ ನೆಲದಲ್ಲಿ ಮೂರಿಂಚಿನ ಡ್ರೈನು, ಅದರತ್ತ ಇಳಿಜಾರು ಬೇಕು. ಈ ಶಾಲೆಯಲ್ಲಿ ಅದಿಲ್ಲ, ಆಯಮ್ಮ ಬಕೆಟ್ಟಿನಲ್ಲಿ ಹೊರುತ್ತಾರೆ. ಹೊರುವುದು ತಪ್ಪಿದ ವಾರ ಪಾಚಿ.

ಆಷಾಢದ ಥಂಡಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ, ಫಲಕಗಳ ಹಿಂದೆ ಬೂಷ್ಟು ಬರುತ್ತದೆ. ಪ್ಲೈವುಡ್ ಬೇಕೇ ಬೇಕಿದ್ದರೆ ಐಎಸ್ 710ರ ಮರೀನ್ ಪ್ಲೈ ಎಂದೇ ಆರ್ಡರಿನಲ್ಲಿ ಬರೆಸಿ. ಮೇಜಿನ ಅಂಚು ಚಿಕ್ಕ ಮಕ್ಕಳಿಗೆ 60 ಸೆಂ.ಮೀ. ಇರಲಿ. ಒಂದು ಬದಿಯನ್ನಾದರೂ ಗಾಲಿಕುರ್ಚಿ ಒಳಹೋಗುವಂತೆ, ಅಡಿಯಲ್ಲಿ 70 ಸೆಂ.ಮೀ. ಖಾಲಿ ಬಿಟ್ಟು ಎತ್ತರಿಸಿ. ಫಲಕದ ಕನ್ನಡವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಪಿಡಿಎಫ್ ನೋಡಿ ಒಪ್ಪಿಗೆ ಕೊಡಬೇಡಿ, ಪೂರ್ಣ ಅಳತೆಯ ಒಂದು ಪ್ರಿಂಟ್ ತರಿಸಿ, ಗೋಡೆಗೆ ಅಂಟಿಸಿ, ಐದನೇ ತರಗತಿಯವರಿಂದ ಓದಿಸಿ. ಕೊನೆಯ ಕಂತು ತಡೆದಿಟ್ಟುಕೊಳ್ಳಿ. ಎರಡು ಸ್ಪೇರ್ ಪಂಪು, ಒಂದು ಮೀಟರ್ ಬಾಗಿಲಿನ ರಬ್ಬರ್, ಕೀಲಿಕೈ ಜೋಡಿ ಕೈಗೆ ಬಂದು, ಒಂದು ಮಳೆಗಾಲ ಕಳೆದ ಮೇಲೆ ಕೊಟ್ಟರಾಯಿತು.