ಘಾಟಿ ಇಳಿಯುವಾಗ ಗೇರಿನಲ್ಲೇ ಇರಲಿ: ಡೀಸೆಲ್ ಉಳಿತಾಯದ ತರಬೇತಿಯೊಂದರ ವಿಮರ್ಶೆ

ಹಾಸನದಿಂದ ಮಂಗಳೂರಿಗೂ ಬೆಂಗಳೂರಿಗೂ ಸರಕು ಸಾಗಿಸುವ ಮೂರು ಪಿಕಪ್ ವಾಹನಗಳು ನನ್ನವು. ಸುಗ್ಗಿಯಲ್ಲಿ ಆಲೂಗಡ್ಡೆ, ಡಿಸೆಂಬರಿನಿಂದ ಕಾಫಿ, ಉಳಿದ ದಿನಗಳಲ್ಲಿ ಸಿಕ್ಕಿದ ಬಾಡಿಗೆ. ಬಾಡಿಗೆಯ ಹಣದಲ್ಲಿ ದೊಡ್ಡ ಪಾಲು ಡೀಸೆಲ್ಲಿಗೇ ಹೋಗುತ್ತದೆ. ಅದರ ಜೊತೆಗೆ, ನಮ್ಮಿಂದ ಕಾಫಿ ಸಾಗಿಸುವ ವರ್ತಕರೊಬ್ಬರು ಪ್ರತಿ ಟ್ರಿಪ್ಪಿಗೆ ಎಷ್ಟು ಡೀಸೆಲ್ ಸುಟ್ಟಿತು ಎಂಬ ಲೆಕ್ಕವನ್ನೂ ಕೇಳತೊಡಗಿದ್ದರಿಂದ, ಖಾಸಗಿ ಸಂಸ್ಥೆಯೊಂದು ಚಾಲಕರಿಗಾಗಿ ನಡೆಸುವ ಇಂಧನ ಉಳಿತಾಯದ ಸೇವೆಯನ್ನು ಪಡೆದೆ. ಅದರಲ್ಲಿ ಎರಡು ಭಾಗಗಳಿವೆ: ಒಂದು ದಿನದ ಚಾಲನಾ ತರಬೇತಿ, ನಂತರ ಮೂರು ತಿಂಗಳು ವಾಹನಕ್ಕೆ ಅಳವಡಿಸುವ ಜಿಪಿಎಸ್ ಸಾಧನ. ತರಬೇತಿಗೆ ಕೊಟ್ಟ ಹಣ ಸಾರ್ಥಕವಾಯಿತು. ಸಾಧನದ ಬಗ್ಗೆ ಹಾಗೆ ಹೇಳಲಾರೆ.

ತರಬೇತುದಾರರು ಬೆಳಿಗ್ಗೆ ಎರಡು ಗಂಟೆ ಶೆಡ್ಡಿನಲ್ಲಿ ವಿವರಿಸಿ, ಆಮೇಲೆ ಲೋಡ್ ತುಂಬಿದ ವಾಹನದಲ್ಲಿ ಸಕಲೇಶಪುರದ ದಾರಿ ಹಿಡಿದರು. ಜೊತೆಗೆ ನಾನೂ ಹೋದೆ. ದೋಣಿಗಲ್ ದಾಟಿದ ಮೇಲೆ ಶಿರಾಡಿಯ ಇಳಿಜಾರಿನಲ್ಲಿ, "ನೀವು ದಿನಾ ಹೇಗೆ ಓಡಿಸುತ್ತೀರೋ ಹಾಗೇ ಓಡಿಸಿ ಅಣ್ಣ, ನಾನು ಮಾತಾಡುವುದಿಲ್ಲ" ಎಂದರು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದಿರುವ ನಮ್ಮ ಚಾಲಕ, ಡೀಸೆಲ್ ಉಳಿಯುತ್ತದೆಂಬ ನಂಬಿಕೆಯಿಂದ, ಎಂದಿನಂತೆ ನ್ಯೂಟ್ರಲ್‌ಗೆ ತಂದು ಬ್ರೇಕಿನ ಮೇಲೆಯೇ ಇಳಿಸಿದರು. ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ ಇಳಿದಾಗ ಬ್ರೇಕ್ ಲೈನಿಂಗಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿದರೆ ಒಲೆಯ ಮುಂದೆ ಕೈ ಹಿಡಿದಂತಿತ್ತು. ಚಕ್ರಗಳು ಆರುವವರೆಗೆ ಕಾದು, ಮೇಲಕ್ಕೆ ಹೋಗಿ, ಅದೇ ಇಳಿಜಾರನ್ನು ಮೂರನೆಯ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ತಿರುವುಗಳಲ್ಲಿ ಮಾತ್ರ ಬ್ರೇಕ್ ಮುಟ್ಟುತ್ತ ಇಳಿದೆವು. ಈ ಸಲ ವಾಸನೆಯೂ ಇರಲಿಲ್ಲ, ಆ ಝಳವೂ ಇರಲಿಲ್ಲ.

ಇದರ ಕಾರಣವನ್ನು ಅವರು ವಿವರಿಸಿದ ರೀತಿ ನನಗೆ ತುಂಬಾ ಹಿಡಿಸಿತು. ಡೀಸೆಲ್ ಹರಿವನ್ನು ಕಂಪ್ಯೂಟರೇ ನಿಯಂತ್ರಿಸುವ ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಗೇರಿನಲ್ಲಿರುವಾಗ ಕಾಲು ಪೂರ್ತಿ ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಆ ಕಂಪ್ಯೂಟರ್, ಇಂಜೆಕ್ಟರ್ ಎಂಜಿನ್ನಿನೊಳಗೆ ಚಿಮ್ಮಿಸುವ ಡೀಸೆಲ್ಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ನೋಡಿಕೊಳ್ಳಲು ಡೀಸೆಲ್ ಉರಿಯುತ್ತಲೇ ಇರಬೇಕಾಗುತ್ತದೆ. ಅಂದರೆ ಉಳಿತಾಯವೆಂದುಕೊಂಡು ನಮ್ಮವರು ಇಷ್ಟು ವರ್ಷ ಘಾಟಿಯಲ್ಲಿ ಮಾಡುತ್ತಿದ್ದುದು ಖರ್ಚು, ಅದರ ಮೇಲೆ ಜೀವದ ಅಪಾಯ. ಬ್ರೇಕ್ ಕಾದು ಹಿಡಿಯದೆ ಹೋದರೆ ಶಿರಾಡಿಯ ತಿರುವಿನಲ್ಲಿ ಏನಾಗುತ್ತದೆಂದು ಈ ರಸ್ತೆಯವರಿಗೆ ಹೇಳಬೇಕಾಗಿಲ್ಲ.

ಟೈರಿನ ಗಾಳಿಯನ್ನು ಬೆಳಿಗ್ಗೆ ವಾಹನ ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಬೇಕೆಂಬುದು ಇನ್ನೊಂದು ಪಾಠ. ನಾವು ನೋಡುತ್ತಿದ್ದುದು ಓಡಿ ಬಿಸಿಯಾದ ಮೇಲೆ, ಬಂಕಿನಲ್ಲಿ. ಹಾಗಾಗಿ ಕಡಿಮೆಯಿದ್ದದ್ದೂ ಸರಿಯಾಗಿಯೇ ಕಾಣುತ್ತಿತ್ತು. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನ ಮುಂದೆ, ವಾಹನ ತೂಗುವ ವೇಬ್ರಿಡ್ಜಿನ ಸರದಿಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಕಾಯುವ ಅಭ್ಯಾಸವನ್ನೂ ಬಿಡಿಸಿದರು. ನಿಂತಲ್ಲೇ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಸುಡುವ ಈ ಅಭ್ಯಾಸ, ಕಾಫಿಯ ಕಾಲದಲ್ಲಿ ದಿನಕ್ಕೆ ಎರಡು ಗಂಟೆ ಕಾಯುವ ನಮಗೆ ಸಣ್ಣ ವಿಷಯವಲ್ಲ.

ವೇಗದ ಮಾತು ಬಂದಾಗ ತಪ್ಪು ನನ್ನದೆಂದು ಒಪ್ಪಿಕೊಳ್ಳಬೇಕಾಯಿತು. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಟಾರ್ಪಾಲಿನ್ ಕಟ್ಟಿದ ಎತ್ತರದ ಲೋಡಿಗೆ ಇದು ಇನ್ನೂ ಭಾರ. 1978ರಿಂದ ಇಂಧನ ಉಳಿತಾಯದ ಪ್ರಚಾರ ಮಾಡುತ್ತಿರುವ ಪಿಸಿಆರ್‌ಎ (ಪೆಟ್ರೋಲಿಯಂ ಕನ್ಸರ್ವೇಶನ್ ರಿಸರ್ಚ್ ಅಸೋಸಿಯೇಷನ್) ಸಂಸ್ಥೆ 45ರಿಂದ 55 ಕಿ.ಮೀ. ವೇಗವನ್ನು ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ. ಹಾಸನದಿಂದ ನೆಲಮಂಗಲಕ್ಕೆ ಸುಮಾರು 155 ಕಿ.ಮೀ. ದಾರಿ. 80ರ ಬದಲು 60ರಲ್ಲಿ ಹೋದರೆ ತಡವಾಗುವುದು ಸುಮಾರು 40 ನಿಮಿಷ. ಆ 40 ನಿಮಿಷಕ್ಕಾಗಿ "ಎಲ್ಲಿದ್ದೀಯಾ, ಇನ್ನೂ ಕುಣಿಗಲ್ ದಾಟಿಲ್ವಾ" ಎಂದು ಹುಡುಗರಿಗೆ ಫೋನು ಮಾಡುತ್ತಿದ್ದವನು ನಾನೇ. ಈಗ ವಾಹನವನ್ನು ಒಂದು ಗಂಟೆ ಮುಂಚೆ ಹೊರಡಿಸುತ್ತೇನೆ.

ಇನ್ನು ಜಿಪಿಎಸ್ ಸಾಧನ. ವಾಹನ ಎಲ್ಲಿದೆ, ಎಷ್ಟು ಹೊತ್ತು ಎಂಜಿನ್ ಚಾಲೂ ಇಟ್ಟು ನಿಂತಿತ್ತು ಎಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಆದರೆ ವರದಿಯಲ್ಲಿದ್ದ ಡೀಸೆಲ್ಲಿನ ಅಂಕಣ ನನ್ನ ಪುಸ್ತಕಕ್ಕೆ ಒಂದು ತಿಂಗಳೂ ತಾಳೆಯಾಗಲಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಟ್ಯಾಂಕಿಗೆ ಯಾವ ಸೆನ್ಸರನ್ನೂ ಹಾಕಿರಲಿಲ್ಲ. ಓಡಿದ ದೂರವನ್ನು ಮೊದಲೇ ತುಂಬಿಸಿದ ಒಂದು ಮೈಲೇಜಿನಿಂದ ಭಾಗಿಸಿ ತೋರಿಸುತ್ತಿದ್ದರು. ಚಾಲಕ ಎಷ್ಟೇ ಜಾಣತನದಿಂದ ಓಡಿಸಿದರೂ ಆ ಅಂಕಿ ಬದಲಾಗುವಂತಿಲ್ಲ. ಇದನ್ನು ಹಣ ಪಡೆಯುವ ಮುಂಚೆಯೇ ಹೇಳಬೇಕಿತ್ತು. ಘಾಟಿಯ ತಿರುವುಗಳಲ್ಲಿ ಅನಿವಾರ್ಯವಾಗಿ ಹಾಕಿದ ಬ್ರೇಕಿಗೂ ಚಾಲಕನ ಅಂಕ ಕಡಿಮೆ ಮಾಡುತ್ತಿದ್ದರು. ವರದಿ ಬರುತ್ತಿದ್ದುದೂ ಇಂಗ್ಲಿಷಿನಲ್ಲಿ. ಓದಬೇಕಾದವರು ಚಾಲಕರು, ಅವರಿಗೆ ಕನ್ನಡದಲ್ಲಿ ಕೊಡುವುದು ಅಷ್ಟೇನೂ ಕಷ್ಟವಲ್ಲ.

ಹಾಗಾಗಿ ಲೆಕ್ಕಕ್ಕೆ ನಾನು ನಂಬಿದ್ದು ಹಳೆಯ ಕ್ರಮವನ್ನೇ: ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸುವಾಗ ಹಿಡಿದ ಲೀಟರನ್ನೂ ಓಡಿದ ಕಿಲೋಮೀಟರನ್ನೂ ಪುಸ್ತಕದಲ್ಲಿ ಬರೆಯುವುದು. ಲೀಟರಿಗೆ 11 ಕಿ.ಮೀ. ಆಸುಪಾಸಿದ್ದ ಮೈಲೇಜ್ ಮೂರು ತಿಂಗಳಲ್ಲಿ 12ಕ್ಕೆ ಬಂದು ನಿಂತಿದೆ. ತಿಂಗಳಿಗೆ 2,500 ಕಿ.ಮೀ. ಓಡುವ ಒಂದು ವಾಹನಕ್ಕೆ ಇದು ಸುಮಾರು 19 ಲೀಟರ್ ಉಳಿತಾಯ. ಒಂದು ಲೀಟರ್ ಡೀಸೆಲ್ ಉರಿದರೆ 2.6 ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಅಷ್ಟರಿಂದಲೇ ತಿಂಗಳಿಗೆ 50 ಕೆ.ಜಿ.ಯಷ್ಟು ಕಡಿಮೆಯಾಯಿತು. ಉಳಿದ ಡೀಸೆಲ್ಲಿನ ಹಣದಲ್ಲಿ ಅರ್ಧವನ್ನು ಆಯಾ ವಾಹನದ ಚಾಲಕನಿಗೇ ಕೊಡುತ್ತಿದ್ದೇನೆ. ಕೊಡದಿದ್ದರೆ ಈ ಅಭ್ಯಾಸ ಎರಡನೆಯ ತಿಂಗಳಿಗೇ ಸಡಿಲವಾಗುತ್ತಿತ್ತೆಂದು ನನ್ನ ಅನಿಸಿಕೆ.

ಘಾಟಿಯ ಮೇಲೆ ವಾಹನ ಓಡಿಸುವ ಹಾಸನ, ಸಕಲೇಶಪುರ, ಮೂಡಿಗೆರೆಯ ಮಾಲೀಕರಿಗೆ ಈ ತರಬೇತಿಯನ್ನು ಧೈರ್ಯವಾಗಿ ಹೇಳುತ್ತೇನೆ. ಆ ದಿನ ಅವರೂ ವಾಹನದಲ್ಲಿ ಕೂತಿರಲಿ. ಜಿಪಿಎಸ್ ಸಾಧನದ ಅವಧಿಯನ್ನು ನಾನು ಮುಂದುವರಿಸಲಿಲ್ಲ. ಹೊಸದಾಗಿ ಸೇರಿರುವ ಇಬ್ಬರು ಚಾಲಕರಿಗೆ, ಮಳೆ ಹಿಡಿಯುವ ಮುಂಚೆ, ತರಬೇತಿಯನ್ನಷ್ಟೇ ಮತ್ತೆ ಗೊತ್ತುಮಾಡಿದ್ದೇನೆ.